ಆಪ್ತರ ಮಾತು ಯಾವುದು? ಹರೇ ಕೃಷ್ಣ ಚಳವಳಿಯ ಬೋಧನೆಯನ್ನು ಪರೀಕ್ಷಿಸುವ ಬಗೆ



ಬೆಂಗಳೂರಿನ ಹಲವು ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ನಡೆದಿರುವ ಕಥೆ ಇದು. ಮಗ ಎಂಜಿನಿಯರ್, ಒಳ್ಳೆಯ ಸಂಬಳ. ಒಂದು ದಿನ ಇದ್ದಕ್ಕಿದ್ದಂತೆ ಕಾಫಿ ಬಿಟ್ಟುಬಿಡುತ್ತಾನೆ. ಅದರ ಹಿಂದೆಯೇ ಈರುಳ್ಳಿ, ಬೆಳ್ಳುಳ್ಳಿ. ಬೆಳಗಿನ ಜಾವ ಎದ್ದು ಜಪದ ಚೀಲದೊಳಗೆ ಕೈಯಿಟ್ಟು ಹದಿನಾರು ಮಾಲೆ ಎಣಿಸುತ್ತಾನೆ. ಮಾಲೆಗೆ 108ರಂತೆ ಲೆಕ್ಕ ಹಾಕಿದರೆ ದಿನಕ್ಕೆ 1,728 ಸಲ ಮಹಾಮಂತ್ರ. ತಾಯಿಗೆ ಮೊದಮೊದಲು ಸಂತೋಷವೇ. ಓರಗೆಯ ಹುಡುಗರು ಶನಿವಾರ ರಾತ್ರಿ ಎಲ್ಲಿ ಹೋಗುತ್ತಾರೆಂಬುದು ಅವರಿಗೆ ಗೊತ್ತಿದೆ. ಆದರೆ ಗಣೇಶನ ಹಬ್ಬದ ದಿನ ಮಗ ಹೇಳುತ್ತಾನೆ: “ಅಜ್ಜಿ, ಇದೆಲ್ಲ ದೇವತೆಗಳ ಪೂಜೆ. ಕೃಷ್ಣನೊಬ್ಬನನ್ನು ಪೂಜಿಸಿದರೆ ಸಾಕು.” ಅಜ್ಜಿ ಕಡುಬು ಬಡಿಸುತ್ತ ಸುಮ್ಮನಾಗುತ್ತಾರೆ. ಆಮೇಲೆ ಆ ಮನೆಯವರು ನಮ್ಮಂಥ ಮೇಷ್ಟರುಗಳನ್ನು ಹುಡುಕಿಕೊಂಡು ಬಂದು ಕೇಳುವುದು ಒಂದೇ ಮಾತು: “ಅವರು ಹೇಳೋದನ್ನ ನಂಬಬಹುದಾ, ಸಾರ್?”

ಈ ಪ್ರಶ್ನೆಗೆ ಊರಿನಲ್ಲಿ ಎರಡು ಸಿದ್ಧ ಉತ್ತರಗಳಿವೆ. ಜಗತ್ತಿಗೆಲ್ಲ ಗೀತೆಯನ್ನು ಹಂಚಿದವರನ್ನು ಅನುಮಾನಿಸುವುದೇ ಪಾಪ ಎನ್ನುವವರು ಕೆಲವರು. ಅದೆಲ್ಲ ಅಮೆರಿಕದಲ್ಲಿ ಹುಟ್ಟಿದ ವ್ಯಾಪಾರ, ದೂರ ಇರಿ ಎನ್ನುವವರು ಇನ್ನು ಕೆಲವರು. ಇಬ್ಬರೂ ಬೋಧನೆಯನ್ನು ಓದುವ ಶ್ರಮದಿಂದ ತಪ್ಪಿಸಿಕೊಂಡವರೇ. ನಾನು ಇವತ್ತು ಆ ಶ್ರಮದ ಪಾಲನ್ನು ಸ್ವಲ್ಪ ನಿಮ್ಮ ಮೇಲೂ ಹೊರಿಸುವವನಿದ್ದೇನೆ.

ಚರಿತ್ರೆ ನಿಮಗೆ ಗೊತ್ತಿರುವುದೇ, ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಕಲ್ಕತ್ತೆಯಲ್ಲಿ 1896ರಲ್ಲಿ ಹುಟ್ಟಿದ ಅಭಯ ಚರಣ ಡೇ ಅವರು, ಮುಂದೆ ಪ್ರಭುಪಾದರೆಂದು ಹೆಸರಾದವರು, 1922ರಲ್ಲಿ ಗೌಡೀಯ ಮಠದ ಭಕ್ತಿಸಿದ್ಧಾಂತ ಸರಸ್ವತಿಯವರನ್ನು ಕಂಡರು. ಸಂಸಾರ ನಡೆಸಿದರು, ಔಷಧಿ ವ್ಯಾಪಾರ ಮಾಡಿದರು, 1959ರಲ್ಲಿ ಸನ್ಯಾಸ ತೆಗೆದುಕೊಂಡರು. 1965ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ‘ಜಲದೂತ’ ಎಂಬ ಸರಕು ಹಡಗಿನಲ್ಲಿ ಭಾಗವತದ ಮೊದಲ ಸ್ಕಂಧದ ತಮ್ಮ ಅನುವಾದವನ್ನು ಹೊತ್ತು ಅಮೆರಿಕಕ್ಕೆ ಹೋದರು. 1966ರಲ್ಲಿ ನ್ಯೂಯಾರ್ಕಿನಲ್ಲಿ ಹರೇ ಕೃಷ್ಣ ಚಳವಳಿಯ ಸಂಸ್ಥೆ ಇಸ್ಕಾನ್ ನೋಂದಣಿಯಾಯಿತು. 1977ರ ನವೆಂಬರ್ 14ರಂದು ವೃಂದಾವನದಲ್ಲಿ ತೀರಿಕೊಂಡರು. ಹನ್ನೊಂದು ಹನ್ನೆರಡು ವರ್ಷದಲ್ಲಿ ಒಬ್ಬ ಮುದುಕ ಇಷ್ಟು ಕೆಲಸ ಮಾಡಿದ್ದನ್ನು ಕಂಡು ಬೆರಗಾಗದಿರುವುದು ಸಣ್ಣತನ. ಆದರೆ ಬೆರಗು ಬೇರೆ, ಪ್ರಮಾಣ ಬೇರೆ.

ಪ್ರಮಾಣದ ವಿಷಯದಲ್ಲಿ ನಮ್ಮ ಹಿರಿಯರು ಬಹಳ ಕಟ್ಟುನಿಟ್ಟಿನವರು. ನ್ಯಾಯಶಾಸ್ತ್ರದವರು ಶಬ್ದವನ್ನು, ಅಂದರೆ ಇನ್ನೊಬ್ಬರ ಮಾತನ್ನು, ಪ್ರಮಾಣವೆಂದು ಒಪ್ಪುತ್ತಾರೆ. ಆದರೆ ಆಡಿದವನು ಆಪ್ತನಾಗಿದ್ದರೆ ಮಾತ್ರ. ವಾತ್ಸ್ಯಾಯನ ತನ್ನ ಭಾಷ್ಯದಲ್ಲಿ ಆಪ್ತನ ಲಕ್ಷಣ ಹೇಳುತ್ತಾನೆ: ವಿಷಯವನ್ನು ನೇರವಾಗಿ ಅರಿತವನು, ಅರಿತದ್ದನ್ನು ಅರಿತ ಹಾಗೆಯೇ ಹೇಳಬೇಕೆಂಬ ಬಯಕೆಯಿಂದ ಹೇಳುವವನು. ಇದು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಲಕ್ಷಣ ಎಂದೂ ಸೇರಿಸುತ್ತಾನೆ. ಕಾವಿ, ನಾಮ, ಜನಿವಾರ ಯಾವುದೂ ಆ ಲಕ್ಷಣದಲ್ಲಿಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಒಬ್ಬ ಮನುಷ್ಯ ಒಂದು ವಿಷಯದಲ್ಲಿ ಆಪ್ತನಾಗಿದ್ದು ಇನ್ನೊಂದರಲ್ಲಿ ಆಗಿಲ್ಲದಿರಬಹುದು. ದನದ ರೋಗ ಬಲ್ಲವನ ಮಾತನ್ನು ದನದ ರೋಗದ ವಿಷಯದಲ್ಲಿ ಕೇಳುತ್ತೇವೆ, ಮಗಳ ಮದುವೆಯ ವಿಷಯದಲ್ಲಿ ಕೇಳಲೇಬೇಕೆಂದಿಲ್ಲ. ಹಾಗಾಗಿ ಒಂದು ಪಂಥದ ಬೋಧನೆ ನಂಬಲು ಯೋಗ್ಯವೇ ಎಂದು ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಮಾತು, ಯಾವುದರ ಬಗ್ಗೆ, ಯಾರು ಕಂಡು ಹೇಳಿದ್ದು ಎಂದು ಬಿಡಿಬಿಡಿಯಾಗಿ ಕೇಳಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆ ಇರುವ ನಾಡಿನಲ್ಲಿ ಇದನ್ನು ಅಶ್ರದ್ಧೆ ಎಂದು ಯಾರೂ ಹೇಳಲಾರರು.

ಮೊದಲು ಪರಂಪರೆಯನ್ನೇ ತೆಗೆದುಕೊಳ್ಳೋಣ. ಅದು ನಮ್ಮ ಕರ್ನಾಟಕಕ್ಕೆ ನೇರ ಸಂಬಂಧಿಸಿದ್ದು. ಇಸ್ಕಾನಿನ ‘ಯಥಾರೂಪ’ ಗೀತೆಯ ಪೀಠಿಕೆಯ ಕೊನೆಗೆ ಒಂದು ಗುರುಪರಂಪರೆಯ ಪಟ್ಟಿ ಇದೆ. ಕೃಷ್ಣನಿಂದ ಶುರುವಾಗಿ ಬ್ರಹ್ಮ, ನಾರದ, ವ್ಯಾಸ, ಆಮೇಲೆ ಮಧ್ವರು. ಮುಂದೆ ಪದ್ಮನಾಭತೀರ್ಥ, ನರಹರಿತೀರ್ಥ, ಮಾಧವತೀರ್ಥ, ಅಕ್ಷೋಭ್ಯತೀರ್ಥ, ಜಯತೀರ್ಥ. ಇನ್ನಷ್ಟು ಹೆಸರುಗಳ ನಂತರ ಪುರುಷೋತ್ತಮರು, ಬ್ರಹ್ಮಣ್ಯತೀರ್ಥರು, ವ್ಯಾಸತೀರ್ಥರು. ವ್ಯಾಸತೀರ್ಥರಿಂದ ಲಕ್ಷ್ಮೀಪತಿ, ಅವರಿಂದ ಮಾಧವೇಂದ್ರ ಪುರಿ, ಅವರಿಂದ ಈಶ್ವರ ಪುರಿ, ಅವರಿಂದ ಚೈತನ್ಯ. ಹೀಗೆ ಸಾಗಿ ಪ್ರಭುಪಾದರು 32ನೆಯವರು. ಬ್ರಹ್ಮಣ್ಯತೀರ್ಥರ ವೃಂದಾವನ ಚನ್ನಪಟ್ಟಣದ ಹತ್ತಿರ ಅಬ್ಬೂರಿನಲ್ಲಿದೆ; ವ್ಯಾಸರಾಯರದು ಆನೆಗೊಂದಿಯ ನವವೃಂದಾವನದಲ್ಲಿ. ನಮ್ಮ ಪಕ್ಕದ ಮನೆಯವರ ಹೆಸರುಗಳು ವಂಗದೇಶದ ಪಟ್ಟಿಯಲ್ಲಿ ಕಂಡರೆ ಯಾವ ಕನ್ನಡಿಗನಿಗೂ ಖುಷಿಯೇ.

ಆದರೆ ಕಾಲವನ್ನು ಕೂಡಿಸಿ ನೋಡಿ. ವ್ಯಾಸತೀರ್ಥರು ಹುಟ್ಟಿದ್ದು 1460ರ ಆಸುಪಾಸು ಎಂದು ಸಾಮಾನ್ಯವಾಗಿ ಹೇಳುತ್ತಾರೆ, ವೃಂದಾವನಸ್ಥರಾದದ್ದು 1539ರಲ್ಲಿ. ಚೈತನ್ಯರು ಹುಟ್ಟಿದ್ದು 1486ರಲ್ಲಿ, ತೀರಿಕೊಂಡದ್ದು 1534ರಲ್ಲಿ. ಪಟ್ಟಿಯ ಪ್ರಕಾರ ವ್ಯಾಸತೀರ್ಥರಿಗೂ ಚೈತನ್ಯರಿಗೂ ನಡುವೆ ಮೂವರು ಗುರುಗಳಿದ್ದಾರೆ. ಮೂವರ ಆಚೆಗಿನ ಗುರು ಶಿಷ್ಯ ತೀರಿಕೊಂಡ ಮೇಲೂ ಐದು ವರ್ಷ ಬದುಕಿದ್ದಾರೆ. ಅಷ್ಟೇ ಆದರೆ ಅಸಾಧ್ಯವೇನಲ್ಲ. ಆದರೆ ಮಾಧವೇಂದ್ರ ಪುರಿಯವರ ಇನ್ನೊಬ್ಬ ಶಿಷ್ಯ ಅದ್ವೈತಾಚಾರ್ಯ. ಆತ ಚೈತನ್ಯರಿಗಿಂತ ಸುಮಾರು ಅರ್ಧ ಶತಮಾನ ಹಿರಿಯನೆಂದು ಗೌಡೀಯರೇ, ಅಂದರೆ ಚೈತನ್ಯರ ಪಂಥದವರೇ, ಹೇಳುತ್ತಾರೆ. ಅಂದರೆ ಶಿಷ್ಯನೇ ವ್ಯಾಸತೀರ್ಥರಿಗಿಂತ ದೊಡ್ಡವನು. ಅವನ ಗುರುವಿನ ಗುರುವಿಗೆ ವ್ಯಾಸತೀರ್ಥರು ಗುರುವಾಗಬೇಕು! ವ್ಯಾಸರಾಜ ಮಠದ ಪಟ್ಟಿಯಲ್ಲಿ ಲಕ್ಷ್ಮೀಪತಿ ಎಂಬ ಉತ್ತರಾಧಿಕಾರಿ ಇಲ್ಲ. ವ್ಯಾಸತೀರ್ಥರ ನಂತರ ಬಂದವರು ಶ್ರೀನಿವಾಸತೀರ್ಥರು. ‘ಪುರಿ’ ಎಂಬುದು ಶಂಕರರ ದಶನಾಮಿ ಸನ್ಯಾಸಿಗಳ ಹೆಸರು. ಚೈತನ್ಯರಿಗೆ ಸನ್ಯಾಸ ಕೊಟ್ಟ ಕೇಶವ ಭಾರತಿಯವರ ‘ಭಾರತಿ’ಯೂ ಅದೇ ಬಳಗದ್ದು.

ಚೈತನ್ಯರು ಉಡುಪಿಗೆ ಬಂದಿದ್ದರೆಂದು ಕೃಷ್ಣದಾಸ ಕವಿರಾಜರ ಚೈತನ್ಯ ಚರಿತಾಮೃತ ಹೇಳುತ್ತದೆ. ಕಡಗೋಲು ಕೃಷ್ಣನನ್ನು ಕಂಡು ಕುಣಿದರಂತೆ, ಅಲ್ಲಿಯ ತತ್ತ್ವವಾದಿ ಯತಿಗಳೊಡನೆ ವಾದ ಮಾಡಿದರಂತೆ. ಭಗವಂತನ ರೂಪವನ್ನು ನಿತ್ಯವೆಂದು ಒಪ್ಪುವುದನ್ನು ಮೆಚ್ಚಿ, ಕರ್ಮ-ಜ್ಞಾನಗಳಿಗೆ ಕೊಡುವ ಮಹತ್ವವನ್ನು ಟೀಕಿಸಿದರಂತೆ. ಆ ಪ್ರಸಂಗವನ್ನು ಓದಿದರೆ ತನ್ನ ಗುರುಮನೆಗೆ ಬಂದ ಶಿಷ್ಯನ ದನಿ ಕೇಳಿಸುವುದಿಲ್ಲ. ನೆಂಟರ ಮನೆಗೆ ಬಂದು ಅಡುಗೆ ಹೊಗಳಿ ಉಪ್ಪು ಹೆಚ್ಚೆಂದು ಹೇಳುವ ಅತಿಥಿಯ ದನಿ ಕೇಳಿಸುತ್ತದೆ. ಸಿದ್ಧಾಂತದಲ್ಲೂ ದೂರವೇ. ಮಧ್ವರದು ಪಂಚಭೇದ, ಗೌಡೀಯರ ಜೀವ ಗೋಸ್ವಾಮಿಯವರದು ಅಚಿಂತ್ಯ ಭೇದಾಭೇದ. ಮಧ್ವರಿಗೆ ಭಗವಂತನ ಅವತಾರಗಳಲ್ಲಿ ತಾರತಮ್ಯವಿಲ್ಲ. ಗೌಡೀಯರಿಗೆ ಕೃಷ್ಣನೇ ಅವತಾರಗಳ ಮೂಲ. ರಾಧೆ ಉಡುಪಿಯಲ್ಲಿ ಎಲ್ಲಿದ್ದಾಳೆ?

ಹಾಗಾದರೆ ಪಟ್ಟಿ ಎಲ್ಲಿಂದ ಬಂತು? 1576ರ ಕವಿ ಕರ್ಣಪೂರನ ಗೌರಗಣೋದ್ದೇಶದೀಪಿಕೆಯಲ್ಲಿ ಅದು ಕಾಣುತ್ತದೆ. 18ನೆಯ ಶತಮಾನದಲ್ಲಿ ಜಯಪುರದ ಬಳಿಯ ಗಲ್ತಾದ ರಾಮಾನಂದಿಗಳು ಗೌಡೀಯರಿಗೆ ಸಂಪ್ರದಾಯ ಯಾವುದು, ಬ್ರಹ್ಮಸೂತ್ರಕ್ಕೆ ಭಾಷ್ಯ ಎಲ್ಲಿದೆ ಎಂದು ಕೇಳಿದಾಗ ಬಲದೇವ ವಿದ್ಯಾಭೂಷಣರು ಗೋವಿಂದ ಭಾಷ್ಯ ಬರೆದು ಉತ್ತರ ಕೊಟ್ಟರು. ಮಧ್ವರ ಸಂಬಂಧವನ್ನು ಗಟ್ಟಿಯಾಗಿ ಹೇಳಿದವರೂ ಅವರೇ. ರಾಜಸಭೆಯಲ್ಲಿ ಮಾನ್ಯತೆ ಬೇಕಿದ್ದ ಹೊತ್ತು ಅದು. ಬಂಗಾಳದ ವಿದ್ವಾಂಸ ಸುಶೀಲ್ ಕುಮಾರ್ ಡೇ 1942ರಷ್ಟು ಹಿಂದೆಯೇ ಮಾಧ್ವ ಸಂಬಂಧವನ್ನು ಬಲವಾಗಿ ಸಂಶಯಿಸಿದ್ದರು. ಇದಕ್ಕೆ ಇಸ್ಕಾನಿನವರ ಉತ್ತರವೂ ಉಂಟು. ತಮ್ಮದು ಕಿವಿಯಲ್ಲಿ ಮಂತ್ರ ಕೊಟ್ಟ ಸರಪಳಿಯಲ್ಲ, ಬೋಧನೆ ಹರಿದುಬಂದ ಭಾಗವತ ಪರಂಪರೆ, ಮುಖ್ಯರಾದವರ ಹೆಸರಷ್ಟೇ ಅದರಲ್ಲಿದೆ ಎನ್ನುತ್ತಾರೆ. ಪ್ರಾಮಾಣಿಕ ಉತ್ತರವೇ. ಪಟ್ಟಿಯ ಕೊನೆಯ ಭಾಗವೂ ಹಾಗೆಯೇ ಇದೆ: ಭಕ್ತಿವಿನೋದ ಠಾಕೂರರಿಗೆ ದೀಕ್ಷೆ ಕೊಟ್ಟವರು ಬಿಪಿನ್ ಬಿಹಾರಿ ಗೋಸ್ವಾಮಿ, ಪಟ್ಟಿಯಲ್ಲಿರುವುದು ಜಗನ್ನಾಥದಾಸ ಬಾಬಾಜಿ.

ಆದರೆ ಆ ಉತ್ತರವನ್ನು ಒಪ್ಪಿದರೆ ಪಟ್ಟಿಯಿಂದ ಏನು ಸಿದ್ಧವಾಗುತ್ತದೆ ಎಂಬುದೂ ಬದಲಾಗುತ್ತದೆ. ಕೃಷ್ಣ ಹೇಳಿದ್ದು ಕೈಯಿಂದ ಕೈಗೆ ದಾಟಿ, ಒಂದಕ್ಷರ ಕೆಡದೆ ನಮ್ಮವರೆಗೆ ಬಂದಿದೆ ಎಂಬ ವಾದಕ್ಕೆ ಸರಪಳಿಯ ಪ್ರತಿ ಕೊಂಡಿಯೂ ಬೇಕು. ಮೆಚ್ಚಿದ ಹಿರಿಯರ ಪಟ್ಟಿ ಆ ಕೆಲಸ ಮಾಡುವುದಿಲ್ಲ. ಆಗ ಗೌಡೀಯ ಬೋಧನೆ ಮಧ್ವರ ಹೆಗಲಿನಿಂದ ಇಳಿದು ತನ್ನ ಕಾಲ ಮೇಲೆ ನಿಲ್ಲಬೇಕಾಗುತ್ತದೆ. ನಿಲ್ಲಬಲ್ಲದು ಎಂಬುದು ನನ್ನ ಅಭಿಪ್ರಾಯ. ರೂಪ, ಸನಾತನ, ಜೀವ ಗೋಸ್ವಾಮಿಗಳು ವೃಂದಾವನದಲ್ಲಿ ಕುಳಿತು ಭಕ್ತಿಯನ್ನು ರಸಶಾಸ್ತ್ರದ ಭಾಷೆಯಲ್ಲಿ ಕಟ್ಟಿದ ಪರಿ ಭಾರತೀಯ ಚಿಂತನೆಯ ದೊಡ್ಡ ಸಾಧನೆಗಳಲ್ಲೊಂದು. ಅದಕ್ಕೆ ಅಬ್ಬೂರಿನ ಮುದ್ರೆ ಬೇಕಿಲ್ಲ.

ಇನ್ನು ಪುಸ್ತಕ. ಇಲ್ಲಿ ನಾನು ಈ ಚಳವಳಿಗೆ ಒಂದು ದೊಡ್ಡ ಮೆಚ್ಚುಗೆ ಸಲ್ಲಿಸಬೇಕು. 1972ರಲ್ಲಿ ಮ್ಯಾಕ್‌ಮಿಲನ್ ಅಚ್ಚು ಹಾಕಿದ ಪೂರ್ಣ ಗೀತೆಯನ್ನು ತೆರೆದರೆ ಮೊದಲು ದೇವನಾಗರಿ ಶ್ಲೋಕ, ಅದರ ಕೆಳಗೆ ರೋಮನ್ ಲಿಪಿಯಲ್ಲಿ ಪಾಠ, ಆಮೇಲೆ ಪದಪದದ ಅರ್ಥ, ಆಮೇಲೆ ಅನುವಾದ, ಕೊನೆಗೆ ವಿವರಣೆ. ಎಷ್ಟೋ ಸ್ವಾಮಿಗಳು ಮೂಲವನ್ನು ಬಿಟ್ಟು ಬರೀ ಪ್ರವಚನವನ್ನು ಅಚ್ಚು ಹಾಕಿಸುತ್ತಾರೆ; ಅಲ್ಲಿ ಕೃಷ್ಣ ಎಲ್ಲಿ ಮುಗಿದ, ಸ್ವಾಮಿಗಳು ಎಲ್ಲಿ ಶುರುವಾದರು ಎಂದು ತಿಳಿಯದು. ಪ್ರಭುಪಾದರು ಅಳತೆಗೋಲನ್ನು ಸರಕಿನ ಜೊತೆಗೇ ಕೊಟ್ಟರು. ಸಂಸ್ಕೃತ ಅಷ್ಟಿಷ್ಟು ಬಲ್ಲ ಯಾರಾದರೂ ಮೇಲಿನ ಸಾಲಿಗೂ ಕೆಳಗಿನ ವಿವರಣೆಗೂ ಎಷ್ಟು ದೂರವೆಂದು ತಾವೇ ಅಳೆಯಬಹುದು. ಅಳೆದರೆ ಹಲವು ಕಡೆ ದೂರ ಸಾಕಷ್ಟಿದೆ. ಶ್ಲೋಕ ಸಮತ್ವದ ಬಗ್ಗೆಯೋ ಬುದ್ಧಿಯ ಬಗ್ಗೆಯೋ ಮಾತಾಡುತ್ತಿದ್ದರೆ ಅನುವಾದದಲ್ಲೇ ಭಕ್ತಿಸೇವೆ ಬಂದು ಕೂತಿರುತ್ತದೆ. ಇದು ಮೋಸವಲ್ಲ, ಒಂದು ಸಂಪ್ರದಾಯದ ಓದು. ಶಂಕರರೂ ಮಧ್ವರೂ ಹಾಗೆ ಓದಿದವರೇ. ಆದರೆ ಅವರು ತಮ್ಮದನ್ನು ಭಾಷ್ಯ ಎಂದರು. ‘ಯಥಾರೂಪ’ ಎಂದು ಹೆಸರಿಡಲಿಲ್ಲ. ಮನೆಯ ಹುಡುಗ ಗೀತೆಯಲ್ಲಿ ಹೀಗಿದೆ ಎಂದಾಗ ಶ್ಲೋಕದಲ್ಲೋ ವಿವರಣೆಯಲ್ಲೋ ಎಂದು ಕೇಳುವುದು ತಂದೆತಾಯಿಯರ ಹಕ್ಕು.

ಈ ವ್ಯತ್ಯಾಸ ತಿಳಿಯದೆ ನಮ್ಮ ದೇಶವೇ ಒಮ್ಮೆ ಗದ್ದಲ ಮಾಡಿತು. 2011ರಲ್ಲಿ ಸೈಬೀರಿಯಾದ ತೋಮ್ಸ್ಕ್ ನಗರದ ಸರ್ಕಾರಿ ವಕೀಲರು ಈ ಪುಸ್ತಕದ ರಷ್ಯನ್ ಆವೃತ್ತಿಯನ್ನು ಉಗ್ರವಾದಿ ಸಾಹಿತ್ಯವೆಂದು ಸಾರಬೇಕೆಂದು ಮೊಕದ್ದಮೆ ಹೂಡಿದರು. ಅವರ ಆಕ್ಷೇಪ ಇದ್ದದ್ದು ವಿವರಣೆಯ ಬಗ್ಗೆ. ಇಲ್ಲಿ ಸಂಸತ್ತಿನಲ್ಲಿ ಕೂಗೆದ್ದದ್ದು ಗೀತೆಯನ್ನೇ ನಿಷೇಧಿಸುತ್ತಿದ್ದಾರೆಂದು. ಡಿಸೆಂಬರ್ 28ರಂದು ಆ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು, ಸರಿಯಾಗಿಯೇ. ಒಂದು ವ್ಯಾಖ್ಯಾನವನ್ನು ಒಪ್ಪುವುದೋ ಬಿಡುವುದೋ ಓದುಗನ ಕೆಲಸ, ಪೊಲೀಸರದಲ್ಲ.

ಪುಸ್ತಕದ್ದೇ ಇನ್ನೊಂದು ಸ್ವಾರಸ್ಯ. ಪ್ರಭುಪಾದರು ರಾತ್ರಿ ಧ್ವನಿಮುದ್ರಣ ಯಂತ್ರಕ್ಕೆ ಹೇಳುತ್ತಿದ್ದರು, ಅಮೆರಿಕನ್ ಶಿಷ್ಯರು ಕೇಳಿ ಬೆರಳಚ್ಚು ಮಾಡುತ್ತಿದ್ದರು. ವಿಭೂತಿಯೋಗದಲ್ಲಿ ಪಿತೃಗಳ ಅಧಿಪತಿ ಅರ್ಯಮನ ಮಾತು ಬರುತ್ತದಲ್ಲ, 1972ರ ಆವೃತ್ತಿಯ ವಿವರಣೆಯಲ್ಲಿ ಆತ ಮರಗಳ ಲೋಕದ ಒಡೆಯನಾಗಿಬಿಟ್ಟಿದ್ದ! ಪಿತೃಗಳೆಂದದ್ದು ಇಂಗ್ಲಿಷ್ ಕಿವಿಗೆ ‘ಟ್ರೀಸ್’ ಎಂದು ಕೇಳಿಸಿತ್ತು. 1983ರ ಪರಿಷ್ಕೃತ ಆವೃತ್ತಿಯಲ್ಲಿ ಇದನ್ನು ತಿದ್ದಿದರು. ಹಾಗೆಯೇ ವೈಶ್ಯರ ಕೆಲಸ ಹೇಳುವಲ್ಲಿ ದನ ಸಾಕುವುದು ಎಂದಿದ್ದದ್ದು ಗೋರಕ್ಷಣೆ ಎಂದಾಯಿತು. ಸಂಸ್ಕೃತಕ್ಕೆ ಅದೇ ಹತ್ತಿರ. ಆದರೆ ಅಂಥ ತಿದ್ದುಪಡಿಗಳ ಜೊತೆಗೆ ನೂರಾರು ವಾಕ್ಯಗಳ ಶೈಲಿಯೂ ಬದಲಾಯಿತು, ಅದೂ ಲೇಖಕರು ಹೋದ ಆರು ವರ್ಷಕ್ಕೆ. ಗುರು ನೋಡಿ ಒಪ್ಪಿದ ಪಾಠವನ್ನು ಮುಟ್ಟುವ ಅಧಿಕಾರ ಯಾರದು ಎಂಬ ಜಗಳ ಇಂದಿಗೂ ಮುಗಿದಿಲ್ಲ. ಹಳೆಯ ಆವೃತ್ತಿಯೇ ಪ್ರಮಾಣ ಎನ್ನುವ ಭಕ್ತರು ಬೆಂಗಳೂರಿನಲ್ಲೂ ಬಹಳ ಇದ್ದಾರೆ. ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವಿರುವುದರಿಂದಲೇ ಈ ಜಗಳ ಆರೋಗ್ಯಕರ.

ಲೋಕದ ಬಗ್ಗೆ ಆಡಿದ ಮಾತುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚಂದ್ರ ಸೂರ್ಯನಿಗಿಂತ ಮೇಲಿದ್ದಾನೆಂದು ಭಾಗವತದ ಐದನೆಯ ಸ್ಕಂಧ ಹೇಳುತ್ತದೆ. ಪ್ರಭುಪಾದರು ಅದನ್ನು ಅಕ್ಷರಶಃ ತೆಗೆದುಕೊಂಡು, ಅಮೆರಿಕದವರು ಚಂದ್ರನ ಮೇಲೆ ಇಳಿದೇ ಇಲ್ಲ ಎಂದು ಮತ್ತೆ ಮತ್ತೆ ವಾದಿಸಿದರು. ಇದನ್ನು ತಿರಸ್ಕರಿಸಲು ನಾಸಾದ ಸಹಾಯ ಬೇಡ. 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರಾಚಾರ್ಯ ಸಾಕು. ಗ್ರಹಗಳಲ್ಲಿ ಚಂದ್ರನೇ ಭೂಮಿಗೆ ಹತ್ತಿರ ಎಂಬುದು ನಮ್ಮ ಜ್ಯೋತಿಷ ಸಿದ್ಧಾಂತಗಳಿಗೆ ಆಗಲೇ ಹಳೆಯ ವಿಷಯ. ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎಂಬರ್ಥದ ಮಾತನ್ನು ಗೀತಾಭಾಷ್ಯದಲ್ಲೇ ಶಂಕರರು ಆಡಿದ್ದಾರೆ. ಶಂಕರರ ಕಡುವಿರೋಧಿಯಾದ ಮಧ್ವರು ಈ ವಿಷಯದಲ್ಲಿ ಇನ್ನೂ ಬಿಗಿ. ಆಗಮ ಯಾವ ಪ್ರತ್ಯಕ್ಷವನ್ನು ಆಧರಿಸಿ ನಿಂತಿದೆಯೋ ಆ ಉಪಜೀವ್ಯವನ್ನೇ ಅಲ್ಲಗಳೆಯುವ ಅರ್ಥವನ್ನು ಆಗಮಕ್ಕೆ ಹಚ್ಚಬಾರದು ಎಂಬುದು ಅವರ ವಾದದ ಬುಡ. ಮಧ್ವರ ಪರಂಪರೆಯವರೆಂದು ಹೇಳಿಕೊಂಡವರು ಇದನ್ನಾದರೂ ಮಧ್ವರಿಂದ ಪಡೆಯಬಹುದಿತ್ತು. ಚಂದ್ರನ ವಿಷಯದಲ್ಲಿ ಪ್ರಭುಪಾದರು ಆಪ್ತರಲ್ಲ. ಅದರಿಂದ ನಾಮಸಂಕೀರ್ತನೆಯ ಬಗ್ಗೆ ಅವರು ಹೇಳಿದ್ದು ಸುಳ್ಳಾಗುವುದೂ ಇಲ್ಲ.

ಒಂದು ಪಂಥ ತನ್ನ ಎದುರಾಳಿಯ ಬಗ್ಗೆ ಹೇಗೆ ಮಾತಾಡುತ್ತದೆ ಎಂಬುದನ್ನು ನಾನು ಯಾವಾಗಲೂ ಗಮನಿಸುತ್ತೇನೆ. ವ್ಯಾಸತೀರ್ಥರ ನ್ಯಾಯಾಮೃತವನ್ನು ಓದಿದವರಿಗೆ ಗೊತ್ತು, ಅದ್ವೈತದ ಪೂರ್ವಪಕ್ಷವನ್ನು ಅವರು ಎಷ್ಟು ಬಲವಾಗಿ ಕಟ್ಟಿ ನಿಲ್ಲಿಸುತ್ತಾರೆಂದು. ಆಮೇಲೆ ಕೆಡವುತ್ತಾರೆ. ಅದಕ್ಕೆ ಮಧುಸೂದನ ಸರಸ್ವತಿ ಅದ್ವೈತಸಿದ್ಧಿಯಲ್ಲಿ ಉತ್ತರ ಕೊಟ್ಟರು, ಅದಕ್ಕೆ ರಾಮಾಚಾರ್ಯರು ತರಂಗಿಣಿಯಲ್ಲಿ ಮರುಉತ್ತರ ಕೊಟ್ಟರು. ಹೀಗೆ ಎದುರಾಳಿಯ ಮಾತು ಅವನೇ ಒಪ್ಪುವಂತೆ ಪುಟಕ್ಕೆ ಬಂದರೆ ಓದುಗನಿಗೆ ತೀರ್ಮಾನಿಸುವ ಅವಕಾಶ ಸಿಗುತ್ತದೆ. ಇಸ್ಕಾನಿನ ವಿವರಣೆಗಳಲ್ಲಿ ‘ಮಾಯಾವಾದಿ’, ಅಂದರೆ ಅದ್ವೈತಿ, ಪದೇ ಪದೇ ಬರುತ್ತಾನೆ, ಬೈಗುಳ ತಿನ್ನುತ್ತಾನೆ, ಹೋಗುತ್ತಾನೆ. ಅವನ ವಾದ ಏನೆಂದು ಆ ಪುಸ್ತಕಗಳಿಂದಲೇ ತಿಳಿಯುವುದು ಕಷ್ಟ. ಮಧ್ವರ ಸಾಹಿತ್ಯದಲ್ಲೂ ಬಿರುನುಡಿ ಕಡಿಮೆಯಿಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿ ಬೈಗುಳದ ಹಿಂದೆ ವಾದವೂ ಇರುತ್ತದೆ. ಹೊಸ ಭಕ್ತ ಶಂಕರರ ಒಂದು ಪುಟವನ್ನೂ ತೆರೆಯದೆ ಅದ್ವೈತವನ್ನು ತಳ್ಳಿಹಾಕುವುದನ್ನು ಕಂಡಾಗ ನನಗೆ ಬೇಸರವಾಗುವುದು ಅದ್ವೈತದ ಸಲುವಾಗಿ ಅಲ್ಲ, ಆ ಹುಡುಗನ ಸಲುವಾಗಿ.

ಇಷ್ಟರವರೆಗೆ ಹೇಳಿದ್ದೆಲ್ಲ ಓದಿ ಪರೀಕ್ಷಿಸಬಹುದಾದದ್ದು. ಓದಿ ಪರೀಕ್ಷಿಸಲಾಗದ್ದು ಗುರುವಿನ ಅಪ್ಪಣೆ. ಈ ಚಳವಳಿ ಎಡವಿದ್ದು ಅಲ್ಲಿ.

1977ರ ಜುಲೈ 9ರ ಪತ್ರವೊಂದರಲ್ಲಿ ಪ್ರಭುಪಾದರು ತಮ್ಮ ಪರವಾಗಿ ದೀಕ್ಷೆ ಕೊಡಲು ಹನ್ನೊಂದು ಮಂದಿ ಪ್ರತಿನಿಧಿಗಳನ್ನು ಹೆಸರಿಸಿದರು. ಅವರು ತೀರಿಕೊಂಡ ಮೇಲೆ ಆ ಹನ್ನೊಂದು ಮಂದಿ ಪ್ರತಿನಿಧಿಗಳಾಗಿ ಉಳಿಯಲಿಲ್ಲ, ತಾವೇ ಗುರುಗಳಾದರು. ಭೂಗೋಳವನ್ನು ಹಂಚಿಕೊಂಡು ಒಬ್ಬೊಬ್ಬರಿಗೆ ಒಂದೊಂದು ವಲಯ, ದೇವಸ್ಥಾನದಲ್ಲಿ ಎತ್ತರದ ವ್ಯಾಸಾಸನ, ಪ್ರಭುಪಾದರಿಗೆ ಸಲ್ಲುತ್ತಿದ್ದಂಥ ಪೂಜೆ. ಹತ್ತು ವರ್ಷ ಕಳೆಯುವುದರೊಳಗೆ ಅವರಲ್ಲಿ ಹಲವರು ಪತನವಾದರು. ಪಶ್ಚಿಮ ವರ್ಜೀನಿಯಾದ ನವ ವೃಂದಾವನದಲ್ಲಿ ಚಿನ್ನದ ಅರಮನೆ ಕಟ್ಟಿಸಿದ ಕೀರ್ತನಾನಂದರನ್ನು 1987ರಲ್ಲಿ ಇಸ್ಕಾನ್ ಹೊರಹಾಕಿತು. 1996ರಲ್ಲಿ ಅವರು ಅಮೆರಿಕದ ನ್ಯಾಯಾಲಯದಲ್ಲಿ ಸಂಘಟಿತ ವಂಚನೆಯ ಆರೋಪವನ್ನು ಒಪ್ಪಿಕೊಂಡರು. ವಲಯ ಗುರುಗಳ ಪದ್ಧತಿ ಒಳಗಿನವರ ಸುಧಾರಣಾ ಚಳವಳಿಯಿಂದಲೇ 1987ರಲ್ಲಿ ಕೊನೆಗೊಂಡಿತು. ಈ ಕಥೆಯನ್ನು ನಿಂದೆಗಾಗಿ ಹೇಳುತ್ತಿಲ್ಲ. ಆ ಹನ್ನೊಂದು ಮಂದಿ ಪುಸ್ತಕಗಳನ್ನು ಬಲ್ಲವರೇ ಆಗಿದ್ದರು. ಶಿಷ್ಯರು ಅವರನ್ನು ಪ್ರಶ್ನಿಸಲಿಲ್ಲ ಏಕೆಂದರೆ ಗುರುವನ್ನು ಪ್ರಶ್ನಿಸುವುದು ಅಪರಾಧ ಎಂಬುದೂ ಬೋಧನೆಯ ಭಾಗವಾಗಿತ್ತು.

ಎಲ್ಲಕ್ಕಿಂತ ನೋವಿನ ವಿಷಯ ಗುರುಕುಲಗಳದು. 1971ರಲ್ಲಿ ಡಲ್ಲಾಸಿನಲ್ಲಿ ಮೊದಲ ವಸತಿ ಗುರುಕುಲ ಶುರುವಾಗಿ 1976ರಲ್ಲಿ ಮುಚ್ಚಿತು. ಮುಂದೆ ವೃಂದಾವನ, ಮಾಯಾಪುರಗಳಲ್ಲೂ ನಡೆದವು. ಐದಾರು ವರ್ಷದ ಮಕ್ಕಳನ್ನು ತಂದೆತಾಯಿಯರಿಂದ ಬೇರೆ ಮಾಡಿ ಕಳಿಸುತ್ತಿದ್ದರು. ಅಲ್ಲಿ ಹೊಡೆತ, ಉಪೇಕ್ಷೆ, ಲೈಂಗಿಕ ದೌರ್ಜನ್ಯ ನಡೆದವು. ಬರ್ಕ್ ರಾಚ್‌ಫರ್ಡ್ ಎಂಬ ಸಮಾಜಶಾಸ್ತ್ರಜ್ಞ 1998ರಲ್ಲಿ ಇದನ್ನು ಬಯಲಿಗಿಟ್ಟು ಬರೆದ ಲೇಖನ ಪ್ರಕಟವಾದದ್ದು ಇಸ್ಕಾನಿನ ಪತ್ರಿಕೆಯಲ್ಲೇ. ಸಂಸ್ಥೆಯ ಪರವಾಗಿ ಹೇಳಬೇಕಾದ ಮಾತಿದು. ಮಕ್ಕಳ ರಕ್ಷಣೆಗೆ ಒಂದು ಕಚೇರಿಯನ್ನೂ ಅದೇ ಕಾಲಕ್ಕೆ ತೆರೆದರು. 2000ದಲ್ಲಿ ಹಳೆಯ ವಿದ್ಯಾರ್ಥಿಗಳು ಡಲ್ಲಾಸಿನಲ್ಲಿ ದಾವೆ ಹೂಡಿದರು. ಅಮೆರಿಕದ ಹಲವು ದೇವಸ್ಥಾನಗಳು ದಿವಾಳಿ ರಕ್ಷಣೆ ಕೋರಿದವು. 2005ರಲ್ಲಿ ನೂರಾರು ಮಂದಿಗೆ ಸುಮಾರು 95 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು.

ಇದು ಕೆಟ್ಟ ಜನರ ತಪ್ಪು, ಬೋಧನೆಯದಲ್ಲ ಎಂದು ಭಕ್ತರು ಹೇಳುತ್ತಾರೆ. ಮಕ್ಕಳನ್ನು ಹೊಡೆಯಬಾರದೆಂದು ಪ್ರಭುಪಾದರು ಪತ್ರ ಬರೆದದ್ದೂ ನಿಜ. ಆದರೆ ರಾಚ್‌ಫರ್ಡ್ ತೋರಿಸಿದ್ದು ಬೇರೆ. ಸಂಸಾರವೆಂದರೆ ಮಾಯೆಯ ಬಲೆ, ಸನ್ಯಾಸಿಯೇ ಶ್ರೇಷ್ಠ, ಪುಸ್ತಕ ಮಾರುವುದೇ ದೊಡ್ಡ ಸೇವೆ ಎಂಬ ವಾತಾವರಣದಲ್ಲಿ ಮಗು ಒಂದು ಅಡ್ಡಿಯಾಗಿ ಕಾಣತೊಡಗಿತು. ಆ ಅಡ್ಡಿಯನ್ನು ನೋಡಿಕೊಳ್ಳಲು ಬೇರೆ ಸೇವೆಗೆ ಆಗಿಬರದವರನ್ನು ನೇಮಿಸಿದರು. ಸಂಸಾರವನ್ನು ಹಳಿಯುವ ಮಾತು ನಮ್ಮ ದಾಸರಲ್ಲೂ ಬರುತ್ತದೆ, ಆದರೆ ಅಲ್ಲಿ ಅದು ಹಾಡುವವನ ವೈರಾಗ್ಯ. ಆಡಳಿತ ಮಂಡಳಿಯ ಕೈಗೆ ಸಿಕ್ಕಾಗ ಅದೇ ಮಾತು ನಿಯಮವಾಗುತ್ತದೆ. ಒಂದು ಬೋಧನೆಯನ್ನು ತೂಗುವಾಗ ಅದು ಹೇಳಿದ್ದನ್ನು ಮಾತ್ರವಲ್ಲ, ಅದನ್ನು ನಂಬಿದವರು ಯಾರನ್ನು ಕಡೆಗಣಿಸಲು ಕಲಿತರು ಎಂಬುದನ್ನೂ ತೂಗಬೇಕು. ಹೆಂಗಸರ ಬುದ್ಧಿಯ ಬಗ್ಗೆ ವಿವರಣೆಗಳಲ್ಲಿರುವ ಹಗುರ ಮಾತುಗಳಿಗೂ ಇದೇ ತಕ್ಕಡಿ. ವಿಚಿತ್ರವೆಂದರೆ ಅದೇ ಪ್ರಭುಪಾದರು 60ರ ದಶಕದಲ್ಲೇ ಹೆಂಗಸರಿಗೆ ದೀಕ್ಷೆ ಕೊಟ್ಟರು, ಗಾಯತ್ರಿ ಕೊಟ್ಟರು. ನಮ್ಮ ಮಠಗಳು ಯೋಚಿಸಲೂ ಹೆದರುತ್ತಿದ್ದ ಕೆಲಸ ಅದು. ಬರೆದದ್ದಕ್ಕಿಂತ ಮಾಡಿದ್ದು ಮೇಲಾಗಿರುವ ಉದಾಹರಣೆ.

ಈ ಊರಿನಲ್ಲಿ ನಿಂತು ಇಲ್ಲಿಯ ಇಸ್ಕಾನಿನವರ ಅಕ್ಷಯಪಾತ್ರೆಯ ಮಾತೆತ್ತದಿರಲಾಗದು. 2000ದಲ್ಲಿ ಇಲ್ಲಿಯ ಕೆಲವೇ ಶಾಲೆಗಳಲ್ಲಿ ಶುರುವಾದ ಬಿಸಿಯೂಟ ಇಂದು ದೇಶದ ಲಕ್ಷಾಂತರ ಮಕ್ಕಳನ್ನು ತಲುಪುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಇಲ್ಲದ ಊಟವನ್ನು ಸರ್ಕಾರಿ ಶಾಲೆಯ ಮಕ್ಕಳಿಗೆ ಬಡಿಸುವುದು ಸರಿಯೇ ಎಂಬ ವಾದವೂ ನಡೆಯಿತು, ನಡೆಯಬೇಕಾದದ್ದೇ. ಊಟಕ್ಕೆ ಕೈಮುಗಿಯುತ್ತೇನೆ. ಆದರೆ ಅನ್ನ ಹಾಕಿದ್ದಾರೆ, ಆದ್ದರಿಂದ ಅವರ ತತ್ತ್ವವೂ ಸತ್ಯವಿರಬೇಕು ಎನ್ನುವುದು ತರ್ಕವಲ್ಲ, ಋಣ.

ಹೋಗಲಿ, ಬೆಂಗಳೂರಿನ ಬೆಟ್ಟದ ಇಸ್ಕಾನ್ ದೇವಸ್ಥಾನದ ವಿಷಯಕ್ಕೆ ಬರೋಣ. ಪ್ರಭುಪಾದರು ಹೆಸರಿಸಿದವರು ಎಂದೆಂದಿಗೂ ಪ್ರತಿನಿಧಿಗಳಷ್ಟೇ, ಗುರು ಇಂದಿಗೂ ಪ್ರಭುಪಾದರೇ ಎಂಬುದು ಇಲ್ಲಿಯವರ ನಿಲುವು. ಗುರು ಕಣ್ಣೆದುರು ಇರಬೇಕು, ಶಿಷ್ಯನೇ ಮುಂದೆ ಗುರುವಾಗುವುದು ಸಂಪ್ರದಾಯ ಎಂಬುದು ಜಾಗತಿಕ ಸಂಸ್ಥೆಯ ನಿಲುವು. ಆಸ್ತಿಯ ವ್ಯಾಜ್ಯ ಬೇರೆ: 2011ರಲ್ಲಿ ಹೈಕೋರ್ಟು ಮುಂಬಯಿಯ ಇಸ್ಕಾನಿನ ಪರ, 2025ರ ಮೇ 16ರಂದು ಸುಪ್ರೀಂ ಕೋರ್ಟು ಬೆಂಗಳೂರು ಸೊಸೈಟಿಯ ಪರ ಹೇಳಿದವು. ಅದರ ಮುಂದಿನ ಹೆಜ್ಜೆಗಳು ವಕೀಲರ ವಿಷಯ. ಜಾಗ ಯಾರದೆಂದು ಕೋರ್ಟು ಹೇಳಬಹುದು, ಗುರು ಯಾರೆಂದು ಹೇಳಲಾರದು.

ನನ್ನನ್ನು ಕೇಳಿದರೆ, ಸಂಪ್ರದಾಯದ ದೃಷ್ಟಿಯಿಂದ ಜಾಗತಿಕ ಸಂಸ್ಥೆಯವರ ವಾದವೇ ಗಟ್ಟಿ. ತೀರಿಕೊಂಡವರ ಹೆಸರಿನಲ್ಲಿ ದೀಕ್ಷೆ ನಡೆಸುವ ಪದ್ಧತಿಗೆ ಹಳೆಯ ವೈಷ್ಣವ ಪರಂಪರೆಗಳಲ್ಲಿ ಆಧಾರ ತೋರಿಸುವುದು ಕಷ್ಟ. ಆದರೆ 1977ರಿಂದ 1987ರವರೆಗೆ ನಡೆದದ್ದನ್ನು ಕಂಡವರು ಬದುಕಿರುವ ಗುರುವಿನ ಬಗ್ಗೆ ಹೆದರಿ, ಬದಲಾಗದ ಪುಸ್ತಕದ ಕಡೆಗೆ ಸರಿದದ್ದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಪುಸ್ತಕವನ್ನು ತೆರೆದು ಪರೀಕ್ಷಿಸಬಹುದು, ಮುಚ್ಚಿಡಬಹುದು. ಅದು ನಿಮ್ಮ ಮಗುವನ್ನು ಎಲ್ಲಿಗೂ ಕಳಿಸು ಎನ್ನುವುದಿಲ್ಲ.

ಮಗ ದೀಕ್ಷೆ ತೆಗೆದುಕೊಳ್ಳುತ್ತಾನೆಂದು ಕೇಳಿ ಬಂದ ಮನೆಯವರಿಗೆ ನಾನು ಹೇಳುವುದು ಮೂರು ನಾಲ್ಕು ವಿಚಾರಣೆಗಳನ್ನು. ಅವನ ಗುರುವಿನ ಒಂದು ಅಪ್ಪಣೆಯನ್ನು ಅವನು ಒಲ್ಲೆ ಎಂದರೆ ಏನಾಗುತ್ತದೆ? ಸಂಬಳದಲ್ಲಿ ಎಷ್ಟು ಹೋಗುತ್ತದೆ, ಲೆಕ್ಕ ಯಾರಿಗೆ ಕಾಣುತ್ತದೆ? ದೂರು ಕೊಡಬೇಕಾದರೆ ಆ ಗುರುವಿನ ಶಿಷ್ಯನಲ್ಲದ ಯಾರಾದರೂ ಅದನ್ನು ಕೇಳುತ್ತಾರೆಯೇ? ಮತ್ತೆ, ಅಲ್ಲಿ ಕೆಲವು ವರ್ಷ ಇದ್ದು ಬಿಟ್ಟುಬಂದವರೊಬ್ಬರನ್ನು ಹುಡುಕಿ ಮಾತಾಡಿಸಿ. ಹಬ್ಬಕ್ಕೆ ಅವರನ್ನು ಈಗಲೂ ದೇವಸ್ಥಾನದವರು ಕರೆಯುತ್ತಾರೋ, ಬೀದಿಯಲ್ಲಿ ಕಂಡರೆ ಮುಖ ತಿರುಗಿಸುತ್ತಾರೋ ಕೇಳಿ. ಊರೂರಿಗೆ, ಗುರುವಿನಿಂದ ಗುರುವಿಗೆ ಉತ್ತರ ಬೇರೆ ಬರುತ್ತದೆ. ಇಸ್ಕಾನ್ ಎಂಬ ಒಂದೇ ಹೆಸರಿನ ಕೆಳಗೆ ಎರಡೂ ಬಗೆಯವರು ಇದ್ದಾರೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸಭೆಯಲ್ಲಿ ಹರೇ ಕೃಷ್ಣ ಭಕ್ತರೂ ಮಾಧ್ವ ವಿದ್ವಾಂಸರೂ ಕುಳಿತಿರುವುದು ಕಾಣುತ್ತಿದೆ. ಲಕ್ಷ್ಮೀಪತಿಯ ವಿಷಯದಲ್ಲಿ ಇಬ್ಬರಿಗೂ ನನ್ನ ಮೇಲೆ ಹೇಳುವುದಿದ್ದೀತು. ಪ್ರಶ್ನೋತ್ತರವನ್ನು ಅಲ್ಲಿಂದಲೇ ಶುರುಮಾಡಬಹುದು.